ಎಳೆದು ಜೋಡಿಸುವ ಪ್ರಶ್ನೆ

ಗೆಳೆಯರೇ, ಅಂಧ ಸಹೋದ್ಯೋಗಿಗೆ ನೆರವಾಗುವುದು ಹೇಗೆ ಎಂಬ ಆನ್‌ಲೈನ್ ಪರೀಕ್ಷೆಯನ್ನು ಸೀವುಡ್ಸ್‌ನ ನಮ್ಮ ಆಫೀಸಿನಲ್ಲಿ ಎಲ್ಲರೂ ಇವತ್ತಿನೊಳಗೆ ಮುಗಿಸಬೇಕಿತ್ತು. ಇಲ್ಲಿ ಕಣ್ಣು ಕಾಣದವನು ನಾನೊಬ್ಬನೇ. ನನಗೂ ವಿನಾಯಿತಿ ಇಲ್ಲ. ಕೊನೆಯ ಪ್ರಶ್ನೆಯಲ್ಲಿ ನೆರವಾಗುವ ನಾಲ್ಕು ಹೆಜ್ಜೆಗಳನ್ನು ಮೌಸಿನಿಂದ ಎಳೆದು ಕ್ರಮವಾಗಿ ಜೋಡಿಸಬೇಕು. ನನ್ನ ಸ್ಕ್ರೀನ್ ರೀಡರ್ ಅವನ್ನು ಓದಿ ಹೇಳಿತೇ ಹೊರತು, ಕೀಬೋರ್ಡ್ ಎಷ್ಟು ಕುಟ್ಟಿದರೂ ಒಂದೂ ಅಲುಗಲಿಲ್ಲ.

ಪಕ್ಕದ ಮೇಜಿನ ಶೆಟ್ಟರು ಬಂದವರೇ ನನ್ನನ್ನು ಕುರ್ಚಿ ಸಮೇತ ಬದಿಗೆ ತಳ್ಳಿ ಮೌಸ್ ಹಿಡಿದರು. "ನೀವು ಸುಮ್ನೆ ಕೂತ್ಕೊಳ್ಳಿ ಮಾರಾಯ್ರೆ, ನಾನು ಮಾಡ್ತೇನೆ."

"ಮೊದಲು ಯಾವುದು ಇಟ್ರಿ?" ಎಂದೆ.

"'ಸಹಾಯ ಬೇಕೇ ಎಂದು ಅವರನ್ನೇ ಕೇಳಿ.' ಅದು ಎಲ್ಲರಿಗೂ ಗೊತ್ತುಂಟಲ್ಲ!"

ಪೂರ್ತಿ ಅಂಕ ಬಂತು. ಅಂಧರಿಗೆ ನೆರವಾಗಲು ನಾನೀಗ ಅರ್ಹ. ಶೆಟ್ಟರಂತೂ ಹೋದ ವಾರವೇ ಪಾಸಾಗಿದ್ದಾರೆ.