ಎರಡು ಬೈಕಿನ ನಡುವಿನ ಜಾಗ
ಪಿರಿಯಾಪಟ್ಟಣದಲ್ಲಿ ಬೈಕು ಸಾಗಿಸುವ ಮುಚ್ಚಿದ ಟ್ರೈಲರಿಗೆ ಒಳಗಿನ ಕೆಲಸ ಮಾಡಿಕೊಡುವವರು ಪೀರ್ ಸಾಬರು ಒಬ್ಬರೇ. ಕೊಡಗಿನ ಗುಡ್ಡದಲ್ಲಿ ಓಡಿಸುವ ಬೈಕನ್ನು ಗುಡ್ಡದವರೆಗೂ ಹೊತ್ತುಕೊಂಡು ಹೋಗುವ ದುಡ್ಡಿನವರನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ; ಕೆಲಸದಲ್ಲಿ ಮಾತ್ರ ಕೂದಲೆಳೆಯಷ್ಟೂ ಮೋಸವಿಲ್ಲ. ನೆಲಕ್ಕೆ ರಬ್ಬರು ಹಾಸುತ್ತಾರೆ, ಚಕ್ರ ಸಿಕ್ಕಿಸಲು ಕಂಬಿ ವೆಲ್ಡ್ ಮಾಡುತ್ತಾರೆ, ಬೆಲ್ಟು ಬಿಗಿದು, "ನಿಮ್ ಮಗ ತೊಟ್ಲಲ್ಲೂ ಇಷ್ಟು ಸುಖವಾಗಿ ಮಲಗಿರ್ಲಿಲ್ಲ ಬುಡಿ ಸ್ವಾಮಿ" ಎಂದು ಚುಚ್ಚುತ್ತಾರೆ. ಕೊನೆಗೆ ಎರಡು ಬೈಕಿನ ನಡುವೆ ತಾವೇ ಅಂಗಾತ ಮಲಗಿ ಕಾಲು ಚಾಚುತ್ತಾರೆ; ಚಾಚಲಾಗದಿದ್ದರೆ ಕಂಬಿ ಕಿತ್ತು ಮತ್ತೆ ಕೂರಿಸುತ್ತಾರೆ. "ಇಲ್ಲಿ ಇನ್ನೊಂದು ಬೈಕು ಹಿಡಿಯುತ್ತಲ್ಲ ಸಾಬ್ರೇ" ಅಂದರೆ, "ಅಂಗೇ ಇರ್ಲಿ ಕಣ್ರೀ" ಅನ್ನುತ್ತಾರೆ, ಅಷ್ಟೇ. ಹೆಂಡತಿ ಶರೀಫುನ್ನೀಸಾಗೆ ಎದೆನೋವು ಬಂದ ದಿನ ಸಿಕ್ಕಿದ್ದು ಒಂದೇ ಗಾಡಿ, ಗಿರಾಕಿಯೊಬ್ಬನ ಬೈಕು ಹೇರಿಕೊಂಡು ಮೈಸೂರಿಗೆ ಹೊರಟಿದ್ದ ಲಗೇಜ್ ಆಟೊ. ಇಳಿಸಿದರೆ ಗೀರು ಬೀಳುತ್ತದೆ ಎಂದ ಗಿರಾಕಿ. ಸಾಬರೇ ಆಕೆಯ ಮಂಡಿ ಮಡಿಸಿ ಮೂಲೆಯಲ್ಲಿ ಕೂರಿಸಿದರು. ಹುಣಸೂರು ದಾಟುವಷ್ಟರಲ್ಲಿ ಆಕೆಯ ಉಸಿರು ನಿಂತಿತ್ತು. ಬೈಕು ಮಾತ್ರ ಮೈಸೂರಿನವರೆಗೂ ಅಲ್ಲಾಡಲಿಲ್ಲ. ಅದನ್ನು ಕಟ್ಟಿದ್ದವರೂ ಸಾಬರೇ.