ಶಾಂತವ್ವನ ಮಾತು ನಾನು ದಾಟಿಸಲಿಲ್ಲ

ಶಾಂತವ್ವ ನೋಯುತ್ತದೆ ಎಂದಳು. ನಾನು ಅದನ್ನು ಮರಾಠಿಯಲ್ಲಿ ನೋವಿಲ್ಲ ಎಂದು ಹೇಳಿದೆ. ಸರಿಯಾಗಿ ಕೇಳಿಸಲಿಲ್ಲ, ಗಡಿಬಿಡಿಯಲ್ಲಿ ಬಾಯಿ ತಪ್ಪಿತು — ಇಂಥ ಯಾವ ನೆಪವೂ ನನಗಿಲ್ಲ. ಗೊತ್ತಿದ್ದೇ ಸುಳ್ಳು ಹೇಳಿದೆ.

ಹಡಪಸರದ ಮದುವೆ ಹಾಲೊಂದರಲ್ಲಿ ಕೃತಕ ಕಾಲು ಜೋಡಿಸುವ ಶಿಬಿರ. ನಾನು ಧಾರವಾಡದವಳು; ಪುಣೆಯಲ್ಲಿ ಇಷ್ಟು ವರ್ಷ ಕಳೆದು ಮರಾಠಿಯೂ ನಾಲಿಗೆಗೆ ಹತ್ತಿದೆ. ಹಾಗಾಗಿ ಕನ್ನಡವಷ್ಟೇ ಬರುವವರಿಗೆ ದುಭಾಷಿಯಾಗಿ ಸೇವೆಗೆ ನಿಂತಿದ್ದೆ. ಎಲ್ಲರೂ ನನ್ನನ್ನೇ ಕೂಗುತ್ತಿದ್ದರು, ಅದರ ಜಂಬ ನನಗೆ ಚೆನ್ನಾಗಿಯೇ ಏರಿತ್ತು. ಶಾಂತವ್ವ ಇಂಡಿ ಕಡೆಯವಳು. ಇಂದಾಪುರಕ್ಕೆ ಕಬ್ಬು ಕಡಿಯಲು ಬಂದು, ಟ್ರಾಲಿಯ ಚಕ್ರಕ್ಕೆ ಸಿಕ್ಕು, ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವಳು. ಅತಿಥಿಗಳ ಮುಂದೆ ನಡೆದು ತೋರಿಸಲು ಅವಳನ್ನು ಆರಿಸಿದವಳು ನಾನೇ.

ಅತಿಥಿಗಳು ಬಂದು ಕೂತಾಗಿತ್ತು. ಮೈಕಿನಲ್ಲಿ ಅವಳ ಹೆಸರು ಕೂಗಿದರು, ಮತ್ತೆ ಕೂಗಿದರು. ಪರದೆಯ ಹಿಂದೆ ಡಾಕ್ಟರು ಕೃತಕ ಕಾಲಿನ ಪಟ್ಟಿ ಬಿಗಿದು, "ದುಖತಯ್ ಕಾ? ವಿಚಾರಾ ತ್ಯಾಂನಾ" ಎಂದರು. ನೋಯುತ್ತದೆಯೇ, ಕೇಳಿ ಅವರನ್ನ. ಕೇಳಿದೆ. ಶಾಂತವ್ವ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಒಳಗ ಭಾಳ ಚುಚ್ಚತೈತ್ರಿ ಅಕ್ಕಾರ. ಕಾಲ ಊರಾಕ ಆಗವಲ್ದು."

ಬಿಚ್ಚಿ ಸರಿಮಾಡುವುದೆಂದರೆ ಇನ್ನೊಂದು ದಿನದ ಕೆಲಸ. ವೇದಿಕೆಗೆ ಬೇರೆ ಯಾರೋ ಹೋಗುತ್ತಾರೆ, ನಾನು — ನಾನು ಪರದೆಯ ಹಿಂದೆಯೇ ಉಳಿಯುತ್ತೇನೆ. ಇಷ್ಟೇ, ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. "ನಾಹೀ ದುಖತ್" ಎಂದೆ ಡಾಕ್ಟರಿಗೆ. ಅವಳಿಗೆ ಹೇಳಿದೆ, "ಹೊಸಾದಲ್ರಿ, ರೂಢಿ ಆಗ್ತದ. ಚೂರು ತಡಕೋರಿ."

ತಡೆದುಕೊಂಡಳು. ನನ್ನ ಕೈ ಹಿಡಿದು, ತುಟಿ ಕಚ್ಚಿ, ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಮುಂದಿನ ವರ್ಷದ ಶಿಬಿರಕ್ಕೆ ಅವಳು ಊರುಗೋಲಿನ ಮೇಲೆ ಬಂದಳು. ಒಳಗೆ ಹುಣ್ಣಾಗಿ, ಕೀವು ಏರಿ, ಮೊಣಕಾಲನ್ನೂ ತೆಗೆಯಬೇಕಾಗಿ ಬಂದಿತ್ತು. ಅದೇ ಡಾಕ್ಟರು ನೋಡಿ, ನನ್ನತ್ತ ತಿರುಗಿ, ನೋವಿದ್ದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದು ಇವರನ್ನು ಕೇಳಿ, ಎಂದರು.

ಕೇಳಿದರೆ ಅವಳು ಉತ್ತರ ಕೊಡುತ್ತಾಳೆ — ನಿಮಗೇ ಹೇಳಿದ್ದೆನಲ್ಲ ಅಕ್ಕಾರ, ಎನ್ನುತ್ತಾಳೆ. ಅದನ್ನು ಡಾಕ್ಟರಿಗೆ ತಲುಪಿಸಬೇಕಾದವಳೂ ನಾನೇ. ಅವರಿಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಹಿಂಗ್ಯಾಕ ಆತು ಅಂತ ಕೇಳಾಕತ್ತಾರ್ರಿ," ಎಂದೆ.

ಶಾಂತವ್ವ ಡಾಕ್ಟರಿಗೆ ಕೈ ಮುಗಿದಳು. "ಅವರದೇನ ತಪ್ಪಿಲ್ಲಂತ ಹೇಳ್ರಿ. ಮಂದಿಗೆಲ್ಲ ರೂಢಿ ಆಗ್ತೈತಿ, ನನಗ ಆಗ್ಲಿಲ್ಲ."

ಆ ಮಾತನ್ನು ಮಾತ್ರ ಒಂದಕ್ಷರ ಬಿಡದೆ ಮರಾಠಿಗೆ ದಾಟಿಸಿದೆ. ಮೊದಲ ಸುಳ್ಳಿಗಿಂತ ಆ ನಿಜಕ್ಕೆ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಈ ಭಾನುವಾರ ಮತ್ತೆ ಶಿಬಿರ. ಮೊನ್ನೆ ಅವಳ ಫೋನ್ ಬಂದಿತ್ತು. "ನೀವು ಇರ್ತೀರಲ್ರಿ ಅಕ್ಕಾರ? ನೀವಿದ್ರ ನನಗ ಧೈರ್ಯ." ಇರುತ್ತೇನೆ ಎಂದಿದ್ದೇನೆ. ಅವಳನ್ನು ಡಾಕ್ಟರ ಎದುರು ಕೂರಿಸಿ, ಅವತ್ತು ಅವಳು ಹೇಳಿದ್ದನ್ನು ಅವರಿಗೆ ಮರಾಠಿಯಲ್ಲಿ ಹೇಳುತ್ತೇನೆ. ಆಮೇಲೆ, ನಾನು ಹೇಳಿದ್ದನ್ನು ಅವಳಿಗೆ ಕನ್ನಡದಲ್ಲಿ.