ಬಿಗಿ ಮಾಸ್ತರನ ಹಳದಿ ಗೆರೆ

ಡೀಸೆಲ್ ಗಾಡಿಗಳ ಮೆಕ್ಯಾನಿಕ್ಕಿಗೆ ‘ಬಿಗಿ ಮಾಸ್ತರ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅವನು ಬಿಗಿದ ಬೋಲ್ಟನ್ನು ಬಿಚ್ಚಲು ಅವನೇ ಬರಬೇಕು ಎಂದು ಜನ ನಗುತ್ತಿದ್ದರು. ಬಿಗಿದಾದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆಯುತ್ತಿದ್ದ. ಬೋಲ್ಟು ಆಮೇಲೆ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಚಾಡಿ ಹೇಳಿಬಿಡುತ್ತದೆ. ಗೆರೆ ನೆಟ್ಟಗಿದ್ದರೆ ಅಲ್ಲಿ ಯಾರೂ ಕೈ ಹಾಕುವ ಹಾಗಿಲ್ಲ. ಅದು ಅವನ ರಿಪೇರಿ ಶೆಡ್ಡಿನ ಕಾನೂನು.

ಅವನ ಹೆಂಡತಿ ಪಕ್ಕದಲ್ಲಿ ನಿಂತು ಬೋಲ್ಟು ತಿರುಗಿಸುವ ಪಾನಾ ಕೊಡುತ್ತಾ ಕೊಡುತ್ತಾ ಕೆಲಸವನ್ನೂ ಕಲಿತವಳು. ಗಂಡನ ಬಿಗಿ ಅಡುಗೆಮನೆಗೂ ಬಂದು ಅವಳ ಜೀವ ತಿನ್ನುತ್ತಿತ್ತು. ಅವನು ಸಕ್ಕರೆ ಡಬ್ಬಿ ಮುಚ್ಚಿದನೆಂದರೆ ಮುಗಿಯಿತು, ಅವಳ ಕೈಗೆ ತೆರೆಯದು. “ಇದೇನು ಇಂಜಿನ್ನಾ? ಸಕ್ಕರೆ ಕಣ್ರೀ!” ಎಂದು ಅವಳು ಬೈಯುವುದು, ಅವನು ಬಂದು ಎರಡು ಬೆರಳಲ್ಲಿ ತೆಗೆದು ಮೀಸೆಯಡಿ ನಗುವುದು, ಇದು ಮನೆಯ ನಿತ್ಯದ ನಾಟಕ.

ಅಂಥವನ ಕೈಯಿಂದ ಒಂದು ದಿನ ನೀರಿನ ಲೋಟ ಜಾರಿ ಬಿತ್ತು. ಕಾಯಿಲೆ ನರಗಳ ಶಕ್ತಿಯನ್ನು ಹೀರುತ್ತಿದೆ ಎಂದು ಮನೆಯವರಿಗೆ ತಿಳಿದದ್ದೇ ಆಗ. ಮಲಗಿದವನು ಮತ್ತೆ ಏಳಲಿಲ್ಲ.

ಅವನು ಹೋದ ಮೇಲೆ ಶೆಡ್ಡಿನ ಬಾಗಿಲು ತೆರೆಯುವವಳು ಅವಳೇ. ಒಂದು ಬೆಳಿಗ್ಗೆ ಹಳೆಯ ಡೀಸೆಲ್ ಬಾಡಿಗೆ ಕಾರಿನ ಚಾಲಕ ಬಂದು ತಲೆ ಕೆರೆದುಕೊಂಡು ನಿಂತ. ಮಾಸ್ತರ ಕೊನೆಯದಾಗಿ ಕೈಯಿಟ್ಟ ಗಾಡಿ ಅದು.

“ಅಕ್ಕಾ, ನಿಂತು ನಿಂತು ಹೋಗುತ್ತೆ. ಡೀಸೆಲ್ ತಳ್ಳೋ ಕೈಪಂಪ್ ಒತ್ತಿದ್ರೆ ಸ್ವಲ್ಪ ದೂರ ಓಡುತ್ತೆ, ಮತ್ತೆ ಉಸಿರು ಬಿಡುತ್ತೆ.”

“ಯಾವಾಗಿಂದ?”

“ಮಾಸ್ತರರು ಹೊಸ ಡೀಸೆಲ್ ಫಿಲ್ಟರ್ ಹಾಕಿದಾಗಿಂದ. ಅವರು ಮಲಗಿರುವಾಗ ಇದನ್ನ ಹೇಳೋಕೆ ಬಾಯಿ ಬರ್ಲಿಲ್ಲ. ನಿನ್ನೆ ಆಸ್ಪತ್ರೆಗೆ ಹೋಗೋ ಹೆಂಗಸನ್ನ ಕೂರಿಸ್ಕೊಂಡು ನಡುರಸ್ತೆಯಲ್ಲಿ ನಿಂತೆ. ಬೇರೆಯವರ ಹತ್ರ ಹೋದ್ರೆ ಅವರ ಹೆಸರು ಬೀದಿಗೆ ಬರುತ್ತೆ. ನೀವೇ ನೋಡಿ.”

ಅವಳಿಗೆ ಮೈಯೆಲ್ಲ ಉರಿಯಿತು. “ಎಲ್ಲೆಲ್ಲಿಯದೋ ಡೀಸೆಲ್ ಕುಡಿಸ್ತೀಯ, ದೂರು ಮಾತ್ರ ನಮ್ಮೋರ ಮೇಲೆ!” ಎಂದಳು. ಗಂಡ ಬಿಟ್ಟುಹೋದದ್ದು ಆ ಹೆಸರೊಂದನ್ನೇ. ಅದಕ್ಕೆ ಮಸಿ ಹತ್ತಲು ಅವಳು ಬಿಡುವವಳಲ್ಲ. ತಪ್ಪು ಬೇರೆಲ್ಲಾದರೂ ಸಿಗಲಿ ಎಂದು ಹಟ ತೊಟ್ಟು ಹುಡುಕಿದಳು. ಟ್ಯಾಂಕಿನ ಡೀಸೆಲ್ ಶುದ್ಧವಾಗಿತ್ತು. ಪೈಪುಗಳಲ್ಲಿ ಬಿರುಕಿರಲಿಲ್ಲ. ಹಾಗಾದರೆ ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ. ಇಂಜಿನ್ನು ಡೀಸೆಲ್ಲನ್ನು ಒಳಕ್ಕೆ ಎಳೆಯುವ ಕಡೆ ಹೀಗೇ. ಡೀಸೆಲ್ ಹೊರಗೆ ಒಂದು ತೊಟ್ಟೂ ಸೋರದು, ಗಾಳಿ ಮಾತ್ರ ಕಳ್ಳನ ಹಾಗೆ ನುಗ್ಗುತ್ತದೆ. ಫಿಲ್ಟರಿನ ಮುಂಚೆ ಪಾರದರ್ಶಕ ಪೈಪಿನ ತುಂಡು ಸೇರಿಸಿ ನೋಡಿದಳು, ಗುಳ್ಳೆಯಿಲ್ಲ. ಫಿಲ್ಟರಿನ ನಂತರ ಸೇರಿಸಿದಳು. ಗುಳ್ಳೆಗಳು ಸಾಲಾಗಿ ಹೊರಟವು.

ನಡುವೆ ಇದ್ದದ್ದು ಫಿಲ್ಟರೊಂದೇ. ಅದನ್ನು ಹಿಡಿದ ಬೋಲ್ಟಿನ ತಲೆಯ ಮೇಲೆ ಹಳದಿ ಗೆರೆ.

ಅಲ್ಲಿ ಕೈ ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಗೊತ್ತಿದ್ದೂ ಮತ್ತೊಮ್ಮೆ ಪೈಪುಗಳನ್ನೇ ಸವರಿದಳು. ರಸ್ತೆಯ ಕುಲುಕಾಟಕ್ಕೆ ಬೋಲ್ಟು ಸಡಿಲಾಗಿರಬಹುದು, ಹಾಗಾಗಿದ್ದರೆ ಗೆರೆ ಮುರಿದಿರಬೇಕು ದೇವರೇ, ಎಂದುಕೊಂಡು ಬಟ್ಟೆಯಿಂದ ಎಣ್ಣೆ ಒರೆಸಿದಳು. ಗೆರೆ ಮುರಿದಿರಲಿಲ್ಲ. ಎಳೆದ ದಿನ ಹೇಗಿತ್ತೋ ಹಾಗೇ ನೆಟ್ಟಗಿತ್ತು. ಬೆರಳಿಟ್ಟು ಒತ್ತಿದಳು. ಪಾನಾ ಕೂಡ ಬೇಡವಾಯಿತು, ಬೋಲ್ಟು ಬರಿಗೈಗೇ ತಿರುಗಿತು.

ಅಯ್ಯೋ, ಸಡಿಲಾದದ್ದಲ್ಲ ಅದು. ಬಿಗಿಯಾಗಿಯೇ ಇರಲಿಲ್ಲ.

ಅವಳು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತಳು. ಲೋಟ ಜಾರುವುದಕ್ಕೆ ಎಷ್ಟೋ ಮೊದಲು ಸಕ್ಕರೆ ಡಬ್ಬಿ ಸಲೀಸಾಗಿ ತೆರೆಯತೊಡಗಿತ್ತು. ಅವಳು ಖುಷಿಯಾಗಿ, “ಅಂತೂ ಬುದ್ಧಿ ಬಂತಲ್ಲ ನಿಮಗೆ!” ಎಂದು ಚುಡಾಯಿಸಿದ್ದಳು. ಅವನೂ ನಕ್ಕಿದ್ದ. ನಕ್ಕು, ಕೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಹೋಗಿದ್ದ. ಅವತ್ತೇ ಅವನಿಗೆ ಗೊತ್ತಿತ್ತು. ಒಬ್ಬನೇ ನುಂಗಿಕೊಂಡಿದ್ದ. ಅವಳಿಗೆ ದುಃಖ ಉಕ್ಕಿ ಬಂತು, ಅವನ ಮೇಲೆ ಸಿಟ್ಟೂ ಬಂತು.

ಸ್ವಲ್ಪ ಹೊತ್ತಿಗೆ ಎದ್ದು ಪಾನಾ ಹಿಡಿದು ಬಿಗಿದಳು. ಗೆರೆಯ ಎರಡು ತುಂಡುಗಳು ಇನ್ನಷ್ಟು ದೂರವಾದವು. ಹಳೆಯ ಗೆರೆಯನ್ನು ಒರೆಸಿ ಹೊಸದು ಎಳೆಯಬೇಕೆಂಬುದು ಕಾನೂನು. ಅವಳು ಒರೆಸಲಿಲ್ಲ. ಪಕ್ಕದಲ್ಲಿ ತನ್ನದೊಂದು ಎಳೆದಳು.

“ಏನಾಗಿತ್ತಕ್ಕಾ?” ಚಾಲಕ ಕೇಳಿದ.

ಪೈಪು ಹಳೆಯದಾಗಿತ್ತು ಎಂದರೆ ನಂಬುತ್ತಿದ್ದ. ಅವಳ ನಾಲಿಗೆಯ ತುದಿಗೂ ಅದೇ ಬಂದಿತ್ತು.

“ಬೋಲ್ಟು ಸಡಿಲ ಇತ್ತಣ್ಣ. ನಮ್ಮೋರೇ ಹಾಕಿದ್ದು,” ಎಂದಳು. “ಬೇಜವಾಬ್ದಾರಿ ಅಂತ ಮಾತ್ರ ಅನ್ಬೇಡ. ಕೈಯಲ್ಲಿ ಇದ್ದಷ್ಟನ್ನೂ ಹಾಕಿ ಬಿಗಿದಿದಾರೆ. ಇದ್ದದ್ದೇ ಅಷ್ಟು.”

ಚಾಲಕ ಒಳಗೆ ಕೂತು ಕೀಲಿ ತಿರುಗಿಸಿದ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.